ಕುಮಟೆಯಲ್ಲಿ ಬೆಳೆಯದ ಕುಮಟಾ ಹತ್ತಿ

ಮುಂಬಯಿಯ ಹಾರ್ಬರ್ ಮಾರ್ಗದ ಗಾಡಿಗಳಲ್ಲಿ ದಿನವೂ ಓಡಾಡುವ ಕನ್ನಡಿಗರಿಗೆ ಕಾಟನ್ ಗ್ರೀನ್ ಎಂಬ ನಿಲ್ದಾಣದ ಹೆಸರು ಹೊಸದಲ್ಲ. ಹೆಸರಿನಲ್ಲಿ ಹತ್ತಿಯೂ ಇದೆ, ಹಸುರೂ ಇದೆ. ಕಣ್ಣಿಗೆ ಮಾತ್ರ ಎರಡೂ ಕಾಣವು. ಕೊಲಾಬಾದಲ್ಲಿದ್ದ ಹತ್ತಿಯ ಪೇಟೆಯನ್ನು 1920ರ ದಶಕದಲ್ಲಿ ಶಿವಡಿಯ ಬದಿಗೆ ತಂದ ಮೇಲೆ ಆ ಹೆಸರು ಈ ಕಡೆಗೆ ಬಂದಿತು. ಮುಂಬಯಿಯ ಹತ್ತಿ ವ್ಯಾಪಾರದಲ್ಲಿ ಬಹುಕಾಲ ಎರಡು ಕನ್ನಡ ಊರುಗಳ ಹೆಸರು ದಲಾಲರ ಬಾಯಲ್ಲಿ ಓಡಾಡುತ್ತಿದ್ದವು. ಒಂದು ಧಾರವಾಡ, ಇನ್ನೊಂದು ಕುಮಟಾ.

ನಮ್ಮ ಸಂಘದಲ್ಲಿ ಕುಮಟೆಯ ಕಡೆಯ ಮನೆಗಳು ಹಲವಿವೆ. ಅವರನ್ನು ಕೇಳಿ ನೋಡಿರಿ. ಅಲ್ಲಿ ಭತ್ತವುಂಟು, ತೆಂಗುಂಟು, ಅಡಕೆಯುಂಟು. ಹತ್ತಿಯ ಹೊಲವೆಂಬುದು ಇಲ್ಲ. ಗಟ್ಟದ ಮೇಲಿನ ಹುಬ್ಬಳ್ಳಿ, ನವಲಗುಂದ, ಗದಗುಗಳ ಎರೆಭೂಮಿಯಲ್ಲಿ ಬೆಳೆದ ಜವಾರಿ ಹತ್ತಿ ಲಮಾಣಿಗಳ ಹೇರೆತ್ತುಗಳ ಮೇಲೂ ಬಂಡಿಗಳ ಮೇಲೂ ಗಟ್ಟವಿಳಿದು ಕುಮಟೆಯ ಬಂದರಕ್ಕೆ ಬರುತ್ತಿತ್ತು. ಅಲ್ಲಿಂದ ಮಚವೆಗಳಲ್ಲಿ ಮುಂಬಯಿಗೆ ಸಾಗುತ್ತಿತ್ತು. ಮುಂಬಯಿಯ ವ್ಯಾಪಾರಿಗೆ ತಿಳಿದದ್ದು ಬಂದರದ ಹೆಸರು. ಬೆಳೆದವನ ಊರಿನ ಹೆಸರು ಅವನಿಗೆ ಬೇಕಾಗಿರಲಿಲ್ಲ. ಹೀಗಾಗಿ ಹತ್ತಿಯೇ ಬೆಳೆಯದ ಊರಿನ ಹೆಸರು ಹತ್ತಿಗೆ ನಿಂತಿತು.

ರಾಜ್ಯೋತ್ಸವದ ಸಂಚಿಕೆಯಲ್ಲಿ ಕದಂಬರು, ಚಾಲುಕ್ಯರು, ವಿಜಯನಗರದವರು ಪ್ರತಿವರ್ಷವೂ ಬರುತ್ತಾರೆ, ಬರಲೂ ಬೇಕು. ಈ ಸಲ ನಾವು ಹತ್ತಿಯ ಕಥೆಗೆ ಕೈಹಾಕಿದ್ದಕ್ಕೆ ಕಾರಣ ಊರಿನಿಂದ ಬಂದ ಒಂದು ಫೋನು. ಮುಂಗಾರಿಗೆ ಮೊದಲು ಊರಿನಲ್ಲಿರುವ ನಮ್ಮ ಅಣ್ಣನವರು ಕೇಳಿದರು: "ಈ ವರ್ಷ ಏನು ಬಿತ್ತೋಣು?" ಇದು ಪ್ರತಿವರ್ಷದ ಪ್ರಶ್ನೆ. ಮುಂಬಯಿಯಲ್ಲಿ ಕುಳಿತು ಪತ್ರಿಕೆ ಓದುವವರಿಗೆ ಹೆಚ್ಚು ತಿಳಿದೀತು ಎಂಬುದು ಅವರ ನಂಬಿಕೆ. 1990ರ ದಶಕದಲ್ಲಿ ನಾವು ಒಮ್ಮೆ ಈ ನಂಬಿಕೆಯನ್ನು ನಿಜವೆಂದೇ ತಿಳಿದು, ಜೋಳ ಬಿಡಿರಿ, ಸೂರ್ಯಕಾಂತಿ ಹಾಕಿರಿ ಎಂದು ಪತ್ರ ಬರೆದಿದ್ದೆವು. ಎರಡು ವರ್ಷ ಲಾಭವೂ ಬಂದಿತು. ಮೂರನೆಯ ವರ್ಷ ಗಿಳಿಗಳು ಬಂದವು, ರೋಗ ಬಂದಿತು. ಹೊರದೇಶದ ಅಗ್ಗದ ಎಣ್ಣೆ ಬಂದು ಧಾರಣೆಯೂ ಇಳಿಯಿತು. ನಮ್ಮ ಸಂಬಳ ಮಾತ್ರ ಒಂದನೆಯ ತಾರೀಖಿಗೆ ತಪ್ಪದೆ ಬಂದಿತು. ಆ ಪತ್ರದ ಬಗೆಗೆ ಅಣ್ಣನವರು ಈವರೆಗೆ ಒಂದು ಮಾತನ್ನೂ ಆಡಿಲ್ಲ. ಆಡಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಒಕ್ಕಲಿಗನಿಗೆ ಬೆಳೆ ಬದಲಿಸೆಂದು ಹೇಳಿದವರಲ್ಲಿ ನಾವು ಮೊದಲಿಗರಲ್ಲ. ಸುಮಾರು 180 ವರ್ಷಗಳ ಹಿಂದೆ, ನಮಗಿಂತ ಬಹು ದೊಡ್ಡವರೊಬ್ಬರು ನಮ್ಮದೇ ಎರೆಹೊಲಗಳಲ್ಲಿ ನಿಂತು ಇದೇ ಮಾತನ್ನು ಹೇಳಿದ್ದರು. ಅವರು ಈಸ್ಟ್ ಇಂಡಿಯಾ ಕಂಪನಿಯವರು.

ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಭಾಗ ಆಗ ಅಮೆರಿಕೆಯಿಂದ ಬರುತ್ತಿತ್ತು. ಒಂದೇ ದೇಶವನ್ನು ನಂಬಿ ಕುಳಿತರೆ ಹೇಗೆ ಎಂಬ ಚಿಂತೆ ಅಲ್ಲಿಯ ಗಿರಣಿ ಮಾಲಿಕರಿಗೆ. ಹಿಂದುಸ್ಥಾನದಲ್ಲಿ ಹತ್ತಿಗೆ ಬರಗಾಲವಿಲ್ಲ. ಆದರೆ ಅದರ ಎಳೆ ಗಿಡ್ಡ, ಅವರ ಯಂತ್ರಗಳಿಗೆ ಒಗ್ಗದು. ಆದುದರಿಂದ ಅಮೆರಿಕೆಯ ಉದ್ದ ಎಳೆಯ ಹತ್ತಿಯನ್ನೇ ಇಲ್ಲಿ ಬೆಳೆಸಬೇಕೆಂದು ಕಂಪನಿ ಯೋಚಿಸಿತು. ಕ್ಯಾಪ್ಟನ್ ಬೇಲ್ಸ್ ಎಂಬ ಅಧಿಕಾರಿಯನ್ನು ಅಮೆರಿಕೆಗೆ ಕಳುಹಿಸಿ, 1840ರಲ್ಲಿ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಬೀಜ, ನೇಗಿಲು, ಯಂತ್ರಗಳ ಸಮೇತ ಕರೆತರಿಸಿತು. ಅವರನ್ನು ಬಂಗಾಲ, ಮದ್ರಾಸು, ಮುಂಬಯಿ ಇಲಾಖೆಗಳಿಗೆ ಹಂಚಿ ಕೊಟ್ಟರು. ಅವರಲ್ಲೊಬ್ಬ ಮರ್ಸರ್ ಎಂಬವನು ಧಾರವಾಡ ಜಿಲ್ಲೆಗೆ ಬಂದು, ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಸರಕಾರಿ ಹೊಲವನ್ನು ಸಾಗಿಸಿದನು.

ಈ ಅಮೆರಿಕನ್ನರು ಗುಲಾಮರನ್ನು ದುಡಿಸಿ ಹತ್ತಿ ಬೆಳೆಯುವ ಸೀಮೆಯಿಂದ ಬಂದವರು. ನೂರಾರು ಎಕರೆಗೆ ಒಂದೇ ಬೆಳೆ, ದೊಡ್ಡ ನೇಗಿಲು, ದೂರದೂರದ ಸಾಲು. ಇದು ಅವರಿಗೆ ತಿಳಿದ ಒಕ್ಕಲುತನ. ನಮ್ಮಲ್ಲಿಯ ರೈತನಿಗೆ ಇದ್ದುದು ಹತ್ತಿಪ್ಪತ್ತು ಎಕರೆ ಎರೆ, ಒಂದು ಜೋಡಿ ಎತ್ತು, ಒಂದು ಕೂರಿಗೆ, ಒಂದು ಎಡೆಕುಂಟೆ. ಅವನು ಒಂದು ವರ್ಷ ಜೋಳ ಬಿತ್ತಿದಲ್ಲಿ ಮರುವರ್ಷ ಹತ್ತಿ ಬಿತ್ತುವನು. ನಡುವೆ ಅಕ್ಕಡಿ ಸಾಲಿನಲ್ಲಿ ಬೇರೆ ಕಾಳುಕಡಿಗಳನ್ನು ಹಾಕುವನು. ಮಳೆರಾಯ ಒಂದಕ್ಕೆ ಮುನಿದರೆ ಇನ್ನೊಂದಕ್ಕೆ ಒಲಿದಾನೆಂಬ ಲೆಕ್ಕ ಅವನದು. ಇದನ್ನು ಕಂಡ ಹೊರಗಿನವರು ಮೊದಲು ಆಲಸ್ಯವೆಂದರು, ಅಜ್ಞಾನವೆಂದರು.

ಆದರೆ ಬೇರೆ ಕಡೆಗಳಲ್ಲಿ ಏನಾಯಿತೆಂಬುದನ್ನು ಗಮನಿಸಬೇಕು. ಬುಂದೇಲಖಂಡದಲ್ಲಿ ಅಮೆರಿಕೆಯ ಪದ್ಧತಿ ಸೋತಿತು. ಭಡೋಚಿನಲ್ಲಿ ಸೋತಿತು. ಕೊಯಿಮತ್ತೂರಿನಲ್ಲೂ ನೆಚ್ಚಿದ ಫಲ ಬರಲಿಲ್ಲ. ಆಗ ಮರ್ಸರ್ ಸರಕಾರಕ್ಕೆ ಒಂದು ಅಭಿಪ್ರಾಯವನ್ನು ಬರೆದು ಕಳುಹಿದನು. ಅದರ ತಾತ್ಪರ್ಯ ಹೀಗಿದೆ: ಸರಕಾರದ ಈ ಪ್ರಯೋಗದ ಹೊಲಗಳು ಬರಿಯ ವ್ಯರ್ಥ ವೆಚ್ಚ, ಅಮೆರಿಕೆಯ ಪದ್ಧತಿ ಈ ದೇಶಕ್ಕೆ ಹೊಂದುವುದಿಲ್ಲ, ಇಲ್ಲಿಯ ಹವೆ ಮತ್ತು ನೆಲವನ್ನು ಬಲ್ಲ ಇಲ್ಲಿಯ ಜನರೇ ಯಾವ ಯುರೋಪಿಯನನಿಗಿಂತಲೂ ಚೆನ್ನಾಗಿ, ಕಡಿಮೆ ವೆಚ್ಚದಲ್ಲಿ ಬೆಳೆಯಬಲ್ಲರು, ಸರಕಾರ ಹತ್ತಿಯನ್ನು ಬಿಡಿಸಿ, ಹಸನುಮಾಡಿ, ಪೇಟೆಗೆ ಕಳುಹಿಸುವ ಕಡೆಗೆ ಲಕ್ಷ್ಯ ಕೊಟ್ಟರೆ ಸಾಕು.

ಸಂಬಳ ತೆಗೆದುಕೊಂಡು ಕಲಿಸಲು ಬಂದವನು, ಇಲ್ಲಿ ಕಲಿಸುವುದಕ್ಕಿಂತ ಕಲಿಯುವುದೇ ಹೆಚ್ಚಿದೆ ಎಂದು ತನ್ನ ಧಣಿಗಳಿಗೇ ಬರೆಯುವುದು ಸಾಮಾನ್ಯ ಸಂಗತಿಯಲ್ಲ. ಹುಬ್ಬಳ್ಳಿಯ ಸುತ್ತಿನವರಾದ ನಾವು ಆ ಅಮೆರಿಕನ್ನನನ್ನು ಇಷ್ಟಕ್ಕಾದರೂ ನೆನೆಯಬೇಕು.

ಧಾರವಾಡದಲ್ಲಿ ಮಾತ್ರ ಹೊಸ ಬೀಜ ಹತ್ತಿತು. ಏಕೆ? ಒಂದು ಕಾರಣ ದೈವದತ್ತವಾದದ್ದು. ಈ ಸೀಮೆ ಗಟ್ಟಕ್ಕೆ ಸಮೀಪ. ಮುಂಗಾರಿಯ ತುಂತುರೂ ಇದೆ, ಹಿಂಗಾರಿಯ ಮಳೆಯೂ ಇದೆ. ಬಿಸಿಲು ಬೇರೆಡೆಯಷ್ಟು ಉಗ್ರವಲ್ಲ. ಇನ್ನೊಂದು ಕಾರಣ ಮನುಷ್ಯರು ಮಾಡಿದ್ದು. ಆಗ ಧಾರವಾಡದ ಕಲೆಕ್ಟರನಾಗಿದ್ದ ಶಾ ಎಂಬವನು ಸರಕಾರಿ ಹೊಲಕ್ಕಿಂತ ರೈತರ ಹೊಲವನ್ನೇ ನೆಚ್ಚಿದನು. ನ್ಯೂ ಆರ್ಲಿಯನ್ಸ್ ಬೀಜವನ್ನು ರೈತರಿಗೆ ಹಂಚಿಸಿದನು. ಬೆಳೆದ ಹತ್ತಿಯನ್ನು ಕೊಳ್ಳುವ ಹೊಣೆಯನ್ನು ಮೊದಮೊದಲು ಸರಕಾರವೇ ಹೊತ್ತುಕೊಂಡಿತು. ಹೊಸ ಬೆಳೆಯ ಗಂಟು ಇರುವುದೇ ಇಲ್ಲಿ. ಬೆಳೆಯುವುದನ್ನು ರೈತ ಒಂದೆರಡು ಸುಗ್ಗಿಗಳಲ್ಲಿ ಕಲಿತುಕೊಳ್ಳುವನು. ಬೆಳೆದ ಮೇಲೆ ಕೊಳ್ಳುವವರು ಯಾರು ಎಂಬುದು ಅವನ ಕೈಯಲ್ಲಿಲ್ಲ.

ಇನ್ನೊಂದು ತೊಡಕು ಬೀಜದಿಂದಲೇ ಬಂದಿತು. ಜವಾರಿ ಹತ್ತಿಯನ್ನು ನಮ್ಮ ಹೆಣ್ಣುಮಕ್ಕಳು ಮನೆಯಲ್ಲೇ ಬಿಡಿಸುತ್ತಿದ್ದರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿಯನ್ನು ಹರಡಿ, ಅದರ ಮೇಲೆ ಕಬ್ಬಿಣದ ಸರಳನ್ನು ಕಾಲಿನಿಂದ ಹಿಂದುಮುಂದು ಉರುಳಿಸಿದರೆ ಕಾಳು ಒಂದು ಬದಿಗೆ, ಅರಳೆ ಇನ್ನೊಂದು ಬದಿಗೆ ಬೀಳುವುದು. ಅಮೆರಿಕೆಯ ಹತ್ತಿಯ ಕಾಳಿಗೆ ನವಿರಾದ ತುಪ್ಪುಳು ಅಂಟಿಕೊಂಡಿರುತ್ತದೆ; ಸರಳಿನ ಉರುಳಿಗೆ ಅದು ಬಿಡುವುದಿಲ್ಲ. ಅದಕ್ಕೆ ಹಲ್ಲಿನ ಚಕ್ರಗಳುಳ್ಳ ಗರಗಸದ ಯಂತ್ರವೇ ಬೇಕು. ಆದ್ದರಿಂದ ಸರಕಾರ ಧಾರವಾಡದಲ್ಲಿ ಒಂದು ಕಾರಖಾನೆ ತೆಗೆದು ಆ ಯಂತ್ರಗಳನ್ನು ಮಾಡಿಸಿತು, ಮಾರಿತು, ಕೆಟ್ಟಾಗ ರಿಪೇರಿಯನ್ನೂ ಮಾಡಿಕೊಟ್ಟಿತು. ಹೊಸ ಬೆಳೆ ಊರಿದ್ದರಲ್ಲಿ ಬೀಜದಷ್ಟೇ ಪಾಲು ಈ ರಿಪೇರಿಯ ಕಮ್ಮಾರರಿಗೂ ಸಲ್ಲಬೇಕು. ಕಾಲಿನಿಂದ ಸರಳು ಉರುಳಿಸಿ ನಾಲ್ಕು ಕಾಸು ಗಳಿಸುತ್ತಿದ್ದ ಹೆಣ್ಣುಮಕ್ಕಳ ಕೆಲಸವು ಯಂತ್ರದ ಪಾಲಾದುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಅವರ ಹೆಸರಿನಲ್ಲಿ ಯಾರೂ ವರದಿ ಬರೆಯಲಿಲ್ಲ.

1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ದಕ್ಷಿಣದ ಬಂದರಗಳು ಮುಚ್ಚಿದವು. ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಗಾಗಿ ಬಾಯಿಬಿಟ್ಟವು. ಮುಂಬಯಿಯಲ್ಲಿ ಹತ್ತಿಯ ಬೆಲೆ ಮೂರು ನಾಲ್ಕು ಪಟ್ಟು ಏರಿತು. ಈ ನಗರ ಆ ನಾಲ್ಕು ವರ್ಷಗಳಲ್ಲಿ ಕಂಡ ಹಣವನ್ನು ಹಿಂದೆಂದೂ ಕಂಡಿರಲಿಲ್ಲ. ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರದ ಗೋಪುರಕ್ಕೆ ಹಣ ಕೊಟ್ಟ ಪ್ರೇಮಚಂದ ರಾಯಚಂದರು ಹತ್ತಿ ಮತ್ತು ಶೇರುಗಳ ಆ ಸಂಭ್ರಮದಲ್ಲಿ ಮೆರೆದವರೇ. ಆ ಗೋಪುರದ ಕೆಳಗೆ ಹಾಯುವಾಗ ಅದರ ಕಲ್ಲುಗಳಲ್ಲಿ ನವಲಗುಂದದ ಎರೆಮಣ್ಣೂ ಕೊಂಚ ಬೆರೆತಿದೆಯೆಂದು ನಾವು ಮಕ್ಕಳಿಗೆ ಹೇಳುವುದುಂಟು. ಇತಿಹಾಸಕಾರರು ಇಷ್ಟನ್ನು ಕ್ಷಮಿಸಲಿ.

ಈ ಕಾಲದ ಇನ್ನೊಂದು ಸಂಗತಿ ರಾಜ್ಯೋತ್ಸವದ ದಿನ ನೆನೆಯತಕ್ಕದ್ದು. ಧಾರವಾಡದ ಹತ್ತಿಗೆ ಸಮೀಪದ ಒಳ್ಳೆಯ ಬಂದರ ಕಾರವಾರ. ಹತ್ತಿ ಬೆಳೆಯುವ ಜಿಲ್ಲೆ ಮುಂಬಯಿ ಇಲಾಖೆಯಲ್ಲಿ, ಬಂದರ ಮದ್ರಾಸು ಇಲಾಖೆಯಲ್ಲಿ. ಇದು ವ್ಯಾಪಾರಿಗಳಿಗೆ ಅನಾನುಕೂಲವಾಗಿತ್ತು. ಅವರ ಒತ್ತಾಯದ ಫಲವಾಗಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಕನ್ನಡಿಗರು ಹತ್ತಿಯ ಅಂಡಿಗೆಗಳ ಅನುಕೂಲಕ್ಕಾಗಿ ಎರಡು ಇಲಾಖೆಗಳ ಪ್ರಜೆಗಳಾದರು. ಅವರು ಮತ್ತೆ ಒಂದೇ ರಾಜ್ಯದವರಾಗಲು 1956ರ ನವೆಂಬರ 1ನೆಯ ತಾರೀಖಿನವರೆಗೆ, 94 ವರ್ಷ, ಕಾಯಬೇಕಾಯಿತು.

ಬೆಲೆ ಏರಿದಾಗ ಕಳ್ಳತನವೂ ಏರಿತು. ಅಮೆರಿಕೆಯ ಹತ್ತಿಯಲ್ಲಿ ಜವಾರಿ ಹತ್ತಿಯನ್ನು ಬೆರೆಸುವುದು, ಕಾಳು ಕಸ ಸೇರಿಸುವುದು, ನೀರು ಚಿಮುಕಿಸಿ ತೂಕ ಹೆಚ್ಚಿಸುವುದು ಎಲ್ಲವೂ ನಡೆಯಿತು. ಇದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಬೆರಕೆಯ ಕಾಳು ಮರುವರ್ಷ ಬೀಜವಾಗಿ ಹೊಲಕ್ಕೆ ಹೋಯಿತು. ಹೀಗೆ ವರ್ಷದಿಂದ ವರ್ಷಕ್ಕೆ ತಳಿ ಕೆಡುತ್ತ ಹೋಯಿತು. ಎಲೆ ಕೆಂಪಾಗಿ ಬಾಡುವ ರೋಗವೂ ಧಾರವಾಡದ ಅಮೆರಿಕನ್ ಹತ್ತಿಗೆ ತಗಲಿಕೊಂಡಿತು.

1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿದ್ದಿತು. ಮುಂಬಯಿಯಲ್ಲಿ ದೊಡ್ಡ ದೊಡ್ಡ ಪೇಢಿಗಳು ಮುಳುಗಿದ ಕಥೆಯನ್ನು ಈ ನಗರದ ಎಲ್ಲ ಇತಿಹಾಸಗಳೂ ಹೇಳುತ್ತವೆ. ಹಳ್ಳಿಯಲ್ಲಿ ಆದದ್ದನ್ನು ಹೇಳುವವರು ಕಡಿಮೆ. ಹತ್ತಿಯ ಆಸೆಯಿಂದ ಸಾಲ ಮಾಡಿ ಎತ್ತು, ಹೊಲ ಕೊಂಡವರಿಗೆ ಸಾಲ ಉಳಿಯಿತು. 1840ರ ದಶಕದಲ್ಲಿ ಮೂವತ್ತು ವರ್ಷಗಳಿಗೆಂದು ಗೊತ್ತುಮಾಡಿದ್ದ ಭೂಕಂದಾಯವನ್ನು ವಾಯಿದೆ ಮುಗಿದ ಮೇಲೆ 1870ರ ದಶಕದಲ್ಲಿ ಏರಿಸಿದರು. ಅದರ ಬೆನ್ನಿಗೇ 1876ರಿಂದ 1878ರ ಬರ ಬಂದಿತು. ಧಾರವಾಡ, ಕಲಾದಗಿ, ಬಳ್ಳಾರಿಯ ಸೀಮೆಗಳು ಬೆಂದುಹೋದವು. ಹಗೇವಿನಲ್ಲಿ ಜೋಳ ಉಳಿದಿದ್ದ ಮನೆಗಳು ಹೇಗೋ ಉಸಿರು ಹಿಡಿದವು. ಅರಳೆಯನ್ನು ತಿನ್ನಲು ಬರುವುದಿಲ್ಲ.

ಬರಕ್ಕೆ ಹತ್ತಿಯೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ಮಳೆ ತಪ್ಪಿತ್ತು, ಕಂದಾಯ ಬಿಗಿಯಾಗಿತ್ತು, ಕಾಳಿನ ಬೆಲೆ ಕೈಗೆ ನಿಲುಕದಂತಾಗಿತ್ತು. ಆದರೆ ನಮ್ಮ ಕಡೆಯ ಒಕ್ಕಲಿಗರು ಹತ್ತಿಯನ್ನು ರೊಕ್ಕದ ಬೆಳೆಯೆಂದೂ ಜೋಳವನ್ನು ಹೊಟ್ಟೆಯ ಬೆಳೆಯೆಂದೂ ವಿಂಗಡಿಸಿ, ಮೊದಲನೆಯದಕ್ಕಾಗಿ ಎರಡನೆಯದನ್ನು ಪೂರ್ತಿ ಬಿಡದೆ ಇದ್ದುದು ಸುಮ್ಮನೆ ಅಲ್ಲ. ಸರಕಾರದ ವರದಿಗಳಲ್ಲಿ ಹಟಮಾರಿತನವೆಂದು ಕಾಣುವ ಈ ಗುಣ ಎಷ್ಟೋ ಮನೆತನಗಳನ್ನು ಉಳಿಸಿರಬೇಕು.

ಬರದ ತರುವಾಯ ರೈಲು ಬಂದಿತು. 1880ರ ದಶಕದಲ್ಲಿ ಹೊಟಗಿ ಗದಗಿನ ಹಾದಿಯೂ ಹುಬ್ಬಳ್ಳಿಯ ಹಾದಿಯೂ ತೆರೆದವು. ಕುಮಟೆಯ ಮಚವೆಗಳಿಗೆ ಹತ್ತಿಯ ಕೆಲಸ ತಪ್ಪಿತು. ಹೆಸರು ಮಾತ್ರ ಉಳಿಯಿತು. ಅದೇ ರೈಲಿನಲ್ಲಿ ಹತ್ತಿಯ ಹಿಂದೆಯೇ ನಮ್ಮ ಜನರೂ ಮುಂಬಯಿಗೆ, ಸೊಲ್ಲಾಪುರಕ್ಕೆ ಗಿರಣಿಯ ಕೆಲಸಕ್ಕೆ ಬಂದರು. ನಮ್ಮ ಸಂಘದ ಹಳೆಯ ಸದಸ್ಯರ ಮನೆಗಳಲ್ಲಿ ಈ ಕಥೆಯನ್ನು ಬಾಯಿಪಾಠವಾಗಿ ಹೇಳುವವರು ಇದ್ದಾರೆ.

ಹತ್ತಿ ಮತ್ತೆ ಚೇತರಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಈ ಸಲ ಕೆಲಸ ಊರಿನ ಒಳಗಿನಿಂದಲೇ ನಡೆಯಿತೆಂಬುದು ನಮಗೆ ಅಭಿಮಾನದ ವಿಷಯ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದ್ದರು. ಹತ್ತೇ ವರ್ಷಗಳಲ್ಲಿ, 1915ರಲ್ಲಿ, ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘ ಹುಟ್ಟಿತು. ಸ್ವಲ್ಪ ಕಾಲದಲ್ಲೇ ಗದಗಿನಲ್ಲಿಯೂ ಅಂಥದೇ ಒಂದು ಸಂಘವಾಯಿತು. ಅಡತಿಯ ಅಂಗಡಿಯಲ್ಲಿ ಕೈವಸ್ತ್ರದ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದು ತಪ್ಪಿ, ಎಲ್ಲರ ಎದುರಿಗೆ ಸವಾಲು ಕೂಗಿ, ಹತ್ತಿಯ ಜಾತಿ ನೋಡಿ ಬೆಲೆ ಕೊಡುವ ಪದ್ಧತಿ ಬಂದಿತು. ಶುದ್ಧ ಹತ್ತಿಗೆ ಹೆಚ್ಚಿನ ಬೆಲೆ ಕೈಗೆ ಬಂದ ಮೇಲೆ ರೈತನಿಗೆ ಶುದ್ಧ ಬೀಜದ ಮಹತ್ವವನ್ನು ಉಪದೇಶಿಸುವ ಅಗತ್ಯವೇ ಉಳಿಯಲಿಲ್ಲ. 1863ರ ಕಾಯಿದೆ ಮಾಡಲಾರದ್ದನ್ನು ಒಂದು ನ್ಯಾಯದ ತಕ್ಕಡಿ ಮಾಡಿತು.

ಆ ಬೀಜವನ್ನು ಒದಗಿಸಿದವರು ಧಾರವಾಡದ ಕೃಷಿಕ್ಷೇತ್ರದವರು. ಹತ್ತಿ ತಳಿತಜ್ಞರಾದ ಜಿ. ಎಲ್. ಕೊಟ್ಟೂರರು ಕೆಟ್ಟುಹೋಗಿದ್ದ ಬೆಳೆಯಲ್ಲಿಯೇ ಒಳ್ಳೆಯ ಗಿಡಗಳನ್ನು ಆರಿಸಿ, ಆರಿಸಿದ್ದನ್ನು ಮತ್ತೆ ಆರಿಸಿ, ಜವಾರಿಯಲ್ಲಿ 'ಧಾರವಾಡ 1', ಅಮೆರಿಕನ್‌ನಲ್ಲಿ 'ಗದಗ 1' ಎಂಬ ತಳಿಗಳನ್ನು ಕೊಟ್ಟರು. ಮುಂದೆ 'ಜಯವಂತ', 'ಜಯಧರ' ತಳಿಗಳು ಬಂದವು. ಜಯಧರವು ಜವಾರಿ ಕುಲದ ಹತ್ತಿ. ಎಳೆ ಗಿಡ್ಡವಾದರೂ ಗಟ್ಟಿ. ಧಾರವಾಡದ ಹತ್ತಿರದ ಗರಗ ಗ್ರಾಮದಲ್ಲಿ ರಾಷ್ಟ್ರಧ್ವಜಕ್ಕಾಗಿ ನೇಯ್ದ ಖಾದಿಗೆ ಈ ಹತ್ತಿಯನ್ನೇ ಬಳಸುತ್ತ ಬಂದರು.

ಗದಗ 1ರ ವಂಶದ ಕಥೆ ಇನ್ನೂ ಸ್ವಾರಸ್ಯದ್ದು. ಅದಕ್ಕೂ ಮದ್ರಾಸಿನ ಕಡೆಯ ಕಾಂಬೋಡಿಯಾ ಹತ್ತಿಗೂ ಸಂಕರವಾಗಿ 'ಲಕ್ಷ್ಮಿ' ಹುಟ್ಟಿತು. ಲಕ್ಷ್ಮಿಯನ್ನು ತಾಯಿಯಾಗಿಟ್ಟುಕೊಂಡು ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಇನ್ನೊಂದು ಕುಲದ ನೀಳ ಎಳೆಯ ಹತ್ತಿಯೊಡನೆ ಕೂಡಿಸಿ 1972ರಲ್ಲಿ 'ವರಲಕ್ಷ್ಮಿ'ಯನ್ನು ಕೊಟ್ಟರು. ಎರಡು ಬೇರೆ ಬೇರೆ ಕುಲಗಳ ಹತ್ತಿಯನ್ನು ಕೂಡಿಸಿ ಹೊಲಕ್ಕೆ ಬಿಟ್ಟ ಸಂಕರ ತಳಿಗಳಲ್ಲಿ ಅದೇ ಮೊದಲನೆಯದು. ಮ್ಯಾಂಚೆಸ್ಟರಿನ ಹಿತಕ್ಕಾಗಿ ಧಾರವಾಡದ ಎರೆಗೆ ಬಿದ್ದ ನ್ಯೂ ಆರ್ಲಿಯನ್ಸ್ ಬೀಜದ ಕುಲ, ಕೆಟ್ಟು, ಬೆರೆತು, ಆಯ್ಕೆಗೊಂಡು, 130 ವರ್ಷಗಳ ಮೇಲೆ ನಮ್ಮವರದೇ ಆಯಿತು.

ಆ ಬಳಿಕದ ಮಾತನ್ನು ಬೇಗನೆ ಹೇಳಿ ಮುಗಿಸುತ್ತೇವೆ. ಸಂಕರ ಬೀಜವನ್ನು ಮನೆಯಲ್ಲಿ ಉಳಿಸಿಕೊಳ್ಳಲು ಬರುವುದಿಲ್ಲ, ಪ್ರತಿವರ್ಷ ಕೊಳ್ಳಬೇಕು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಜಯಧರದ ಹೊಲಗಳು ಹಿಂದೆ ಸರಿದವು. ಗೋವಿನಜೋಳ ಬಂದಿತು, ಸೋಯಾ ಬಂದಿತು. ನಮ್ಮ ಊರಿನಲ್ಲಿ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುವ ಹಳೆಯ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಉಳ್ಳಾಗಡ್ಡಿ ಮೊದಲು ಕೈಗೆ ಬರುವುದು, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಮೂರಕ್ಕೂ ಒಂದೇ ವರ್ಷ ಧಾರಣೆ ಬೀಳುವುದು ಅಪರೂಪ. ಬ್ಯಾಡಗಿಯ ಮೆಣಸಿನಕಾಯಿ ಕೂಡ ಮೂಲತಃ ಅಮೆರಿಕಾ ಖಂಡದಿಂದ ಬಂದ ಗಿಡವೇ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಬುತ್ತಿಯಲ್ಲಿ ಶೇಂಗಾ ಹಿಂಡಿ, ಕೆಂಪು ಖಾರ ಎರಡೂ ಆಚೆ ಕಡಲಿನವು. ಪಕ್ಕದ ಜೋಳದ ರೊಟ್ಟಿ ಮಾತ್ರ ಹಳೆಯದು. ಹೊಸದನ್ನು ನಮ್ಮ ಒಕ್ಕಲಿಗರು ಬೇಡವೆಂದದ್ದು ಯಾವಾಗ? ತಮ್ಮ ಪದರಿಗೆ ಎಷ್ಟು ಬೀಳುವುದೆಂದು ನೋಡಿ ತೆಗೆದುಕೊಂಡರು, ಅಷ್ಟೆ.

ಇನ್ನು ಅಣ್ಣನವರ ಪ್ರಶ್ನೆ. ಈಗ ಪರ್ಯಾಯ ಬೆಳೆಯೆಂದು ಎಲ್ಲೆಡೆ ಹೇಳುತ್ತಿರುವುದು ಸಿರಿಧಾನ್ಯ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಜೋಳ, ಸಜ್ಜೆ, ನವಣೆ ಎಲ್ಲವೂ ಆ ಯಾದಿಯಲ್ಲಿವೆ. ನಮ್ಮ ಅಜ್ಜನವರು ಮಸಾರಿ ಹೊಲದಲ್ಲಿ ನವಣೆ ಬೆಳೆಯುತ್ತಿದ್ದರು. ಈಗ ಅದೇ ನವಣೆ ಮುಂಬಯಿಯ ಅಂಗಡಿಗಳಲ್ಲಿ ಅರ್ಧ ಕಿಲೋದ ಚಂದದ ಪೊಟ್ಟಣವಾಗಿ ಕುಳಿತಿದೆ. ನವಣೆ ಹಾಕಿರಿ ಎನ್ನುವ ಮಾತು ನಮ್ಮ ನಾಲಗೆಯ ತುದಿಗೆ ಬಂದಿತ್ತು. ಸೂರ್ಯಕಾಂತಿ ನೆನಪಾಗಿ ತಡೆದುಕೊಂಡೆವು. ನೀವೇ ಏನೆನ್ನುತ್ತೀರಿ ಎಂದು ಕೇಳಿದೆವು.

"ಎರಡು ಎಕರೆ ಹಾಕಬಹುದು," ಎಂದರು ಅಣ್ಣನವರು. "ಉಳಿದದ್ದಕ್ಕ ಜೋಳ, ಕಡಲಿ ಇದ್ದೇ ಇರತಾವ. ಖರೇ, ಕೊಳ್ಳಾವ್ರು ಯಾರು? ನೀವು ಅಲ್ಲಿ ಎಷ್ಟು ಮಂದಿ ಕೊಳ್ಳತೀರಿ ಅಂತ ಮೊದಲು ಹೇಳ್ರಿ."

ಕಳೆದ ತಿಂಗಳ ಸಭೆಯಲ್ಲಿ ಈ ಮಾತನ್ನು ಸದಸ್ಯರ ಮುಂದೆ ಇಟ್ಟೆವು. ಬೆಲೆಯನ್ನು ಸುಗ್ಗಿಗೆ ಮೊದಲೇ ಗೊತ್ತುಮಾಡುವುದು, ಅರ್ಧ ಹಣವನ್ನು ಮುಂಗಡವಾಗಿ ಕಳುಹಿಸುವುದು, ಪೇಟೆಯಲ್ಲಿ ಬೆಲೆ ಇಳಿದರೂ ಮಾತು ತಪ್ಪದಿರುವುದು ಎಂದು ಠರಾವಾಗಿದೆ. ವರ್ಷಕ್ಕೆ 10 ಕಿಲೋದಂತೆ ಹೆಸರು ಬರೆಸಿದವರು ಈ ಸಂಚಿಕೆ ಅಚ್ಚಿಗೆ ಹೋಗುವ ವೇಳೆಗೆ 17 ಮನೆಗಳವರು. ಎರಡು ಎಕರೆಯ ಬೆಳೆಗೆ ಇದು ಸಾಲದು. ಯಾದಿಯ ಪುಸ್ತಕ ಸಂಘದ ವಾಚನಾಲಯದಲ್ಲಿ, ಬಾಗಿಲ ಬದಿಯ ಮೇಜಿನ ಮೇಲೆ ಇದೆ.